ಬಣ್ಣ ತಾನೇ, ಸಾರ್!

“ಬಣ್ಣ ತಾನೇ, ಸಾರ್! ಗಾಡಿ ಓಡೋದಕ್ಕೇನೂ ತೊಂದರೆ ಇಲ್ಲವಲ್ಲ?”

ಈ ಮಾತನ್ನು ನನಗೆ ಹೇಳಿದವನು ಒಂದು ಮೋಟಾರು ಕಾರ್ಯಾಗಾರದ ವ್ಯವಸ್ಥಾಪಕ. ಹೇಳಿದ್ದು 2024ರ ಜುಲೈ ತಿಂಗಳಿನಲ್ಲಿ. ಅವನೊಬ್ಬನೇ ಹೇಳಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಕಾಲೇಜಿನ ಸಹೋದ್ಯೋಗಿಗಳು ಅದನ್ನೇ ಹೇಳಿದರು. ನೆರೆಮನೆಯ ನಿವೃತ್ತ ಇಂಜಿನಿಯರರು ಹೇಳಿದರು. ಕೊನೆಗೆ, ತನ್ನ ಮನೆಯ ಗೋಡೆಗೆ ಮಗು ಪೆನ್ಸಿಲಿನಿಂದ ಗೀಚಿತೆಂದು ಮೂರು ದಿನ ಊಟ ರುಚಿಸದೆ ಓಡಾಡಿದ ನನ್ನ ಭಾವಮೈದುನನೂ ಹೇಳಿದನು. ಇಷ್ಟು ಜನ ಒಕ್ಕೊರಲಿನಿಂದ ಒಂದೇ ಮಾತನ್ನು ಆಡಿದಾಗ ಅದು ನಿಜವಿರಬಹುದೇನೋ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೂ ಒಂದು ವಾರ ಹಾಗೆಯೇ ಅನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ಈ ಮಾತು ಸುಳ್ಳು. ಅಷ್ಟೇ ಅಲ್ಲ, ಹೇಳುವವನಿಗೂ ಕೇಳುವವನಿಗೂ ಕೇಡು ತರುವ ಸುಳ್ಳು.

ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನದು ನಾಲ್ಕು ವರ್ಷ ಹಳೆಯದಾದ, ಬೆಳ್ಳಿಯ ಬಣ್ಣದ ಒಂದು ಸಣ್ಣ ಕಾರು. 2024ರ ಏಪ್ರಿಲ್ ಮೊದಲ ವಾರದಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಲ್ಲಿಸಿದ್ದಾಗ ಸಾಮಾನಿನ ಆಟೋ ಒಂದು ಹಿಂಬದಿಯ ಎಡಬಾಗಿಲನ್ನು ಸವರಿಕೊಂಡು ಹೋಯಿತು. ಬಾಗಿಲು ನೆಗ್ಗಿತು, ಉದ್ದಕ್ಕೂ ಗೀರು ಬಿದ್ದಿತು. ಆಟೋದವನು ಇಳಿದು ಕೈಮುಗಿದನು. ಹುಡುಗ; ಮೀಸೆ ಈಗಷ್ಟೆ ಮೂಡುತ್ತಿತ್ತು. “ಹೋಗಲಿ ಬಿಡಿ, ವಿಮೆ ಇದೆಯಲ್ಲ” ಎಂದಳು ಹೆಂಡತಿ. ಬಿಟ್ಟೆವು. ಅಧಿಕೃತವೆಂದು ಫಲಕ ಹಾಕಿಕೊಂಡಿದ್ದ ಕಾರ್ಯಾಗಾರಕ್ಕೆ ಗಾಡಿಯನ್ನು ಒಪ್ಪಿಸಿದೆನು. ವಿಮೆಯ ಸರ್ವೇಯರ್ ಬಂದು ನೋಡಿ ಹೋದರು. ನಾಲ್ಕು ದಿನದ ಕೆಲಸವೆಂದು ಹೇಳಿ ಹತ್ತೊಂಬತ್ತು ದಿನ ತೆಗೆದುಕೊಂಡರು. ಏಪ್ರಿಲ್ 25ರ ಸಂಜೆ, ಏಳು ಗಂಟೆ ದಾಟಿದ ಮೇಲೆ, “ಬಂದು ತಗೊಂಡು ಹೋಗಿ ಸಾರ್, ನಾಳೆ ಎಲೆಕ್ಷನ್ನು, ರಜ” ಎಂದು ಕರೆ ಬಂದಿತು.

ಓಡಿದೆನು. ಗಾಡಿಯನ್ನು ಆಗತಾನೆ ತೊಳೆದು ನಿಲ್ಲಿಸಿದ್ದರು, ಮೈಯೆಲ್ಲ ನೀರು, ಮೇಲೊಂದು ಟ್ಯೂಬ್ ಲೈಟು. ಮದುಮಗಳಂತೆ ಹೊಳೆಯುತ್ತಿತ್ತು. ತೃಪ್ತಿಪತ್ರವೆಂಬ ಒಂದು ಕಾಗದವನ್ನು ಮುಂದಿಟ್ಟರು. ಸಹಿ ಹಾಕಿದೆನು. ಮೂವತ್ತು ಪುಟದ ಉತ್ತರಪತ್ರಿಕೆಯನ್ನು ಒಂದು ಸಾಲೂ ಬಿಡದೆ ಓದಿ ಅರ್ಧ ಅಂಕಕ್ಕೆ ತಲೆಕೆಡಿಸಿಕೊಳ್ಳುವವನು ನಾನು. ಆ ಕಾಗದದ ಎರಡು ಸಾಲನ್ನು ಓದಲಿಲ್ಲ. ಈ ಲೇಖನದಲ್ಲಿ ನಾನು ಬೇರೆಯವರ ಮೇಲೆ ಹೊರಿಸುವ ತಪ್ಪುಗಳ ಜೊತೆಗೆ ಇದನ್ನೂ ಓದುಗರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಒದ್ದೆಯಾದ ಗಾಡಿಯ ಮೇಲೆ ದೋಷ ಕಾಣುವುದಿಲ್ಲ; ನೀರೇ ಒಂದು ಹೊಳಪಿನ ಪದರವಾಗಿ ನಿಂತು ಎಲ್ಲ ಉಬ್ಬುತಗ್ಗುಗಳನ್ನೂ ಮುಚ್ಚಿಬಿಡುತ್ತದೆ. ಈ ಸಣ್ಣ ಸತ್ಯ ಕಾರ್ಯಾಗಾರದವರಿಗೆ ಚೆನ್ನಾಗಿ ಗೊತ್ತು. ನನಗೆ ಗೊತ್ತಿರಲಿಲ್ಲ.

ಮರುದಿನ ಮತದಾನ. ಬೆಳಗಿನ ಬಿಸಿಲಿನಲ್ಲಿ ಗಾಡಿಯನ್ನು ಗೇಟಿನಿಂದ ಹೊರಗೆ ತಂದಾಗ ಮಗಳು ಕೇಳಿದಳು: “ಅಪ್ಪಾ, ಹಿಂದಿನ ಬಾಗಿಲು ಬೇರೆ ಕಾರಿನದಾ?” ಮುಂದಿನ ಬಾಗಿಲು ಬೆಳ್ಳಿ, ಹಿಂದಿನದು ಹಳೆಯ ಅಲ್ಯೂಮಿನಿಯಂ ಪಾತ್ರೆ. ಹತ್ತಿರ ಹೋಗಿ ನೋಡಿದರೆ ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿ. ಹಿಡಿಕೆಯ ಕೆಳಗೆ ಬಣ್ಣ ಒಂದು ಹನಿಯಾಗಿ ಇಳಿದು ಅಲ್ಲಿಯೇ ಗಟ್ಟಿಯಾಗಿತ್ತು. ಕಿಟಕಿಯ ರಬ್ಬರಿಗೂ ಗಾಜಿನ ಅಂಚಿಗೂ ಬೆಳ್ಳಿಯ ತುಂತುರು. ಒಂದು ಸೊಳ್ಳೆ ಬಣ್ಣದಲ್ಲಿ ಸಿಕ್ಕಿ ಅಮರವಾಗಿತ್ತು. ಫೋನು ಮಾಡಿದೆನು. “ಹೊಸ ಬಣ್ಣ ಸಾರ್, ನಾಲ್ಕು ದಿನ ಬಿಸಿಲು ಕಂಡರೆ ಸೆಟ್ಲ್ ಆಗುತ್ತೆ, ಹೊಂದಿಕೊಳ್ಳುತ್ತೆ” ಎಂದರು. ಬಣ್ಣವು ಹೊಂದಿಕೊಳ್ಳಲಿಲ್ಲ. ಹೊಂದಿಕೊಳ್ಳಬೇಕಾದವನು ನಾನು ಎಂಬುದೇ ಆ ಮಾತಿನ ಅರ್ಥವೆಂದು ಆಮೇಲೆ ತಿಳಿಯಿತು.

ಅಂದು ಮತ ಹಾಕಿ ಬಂದಾಗ ಎಡಗೈ ತೋರುಬೆರಳಿಗೆ ಶಾಯಿಯ ಗುರುತು ಬಿದ್ದಿತ್ತಲ್ಲ, ಅದರ ಕಥೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಶಾಯಿ ನಮ್ಮೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಗುರುತು ಹಚ್ಚುತ್ತ ಬಂದಿದೆ. ಜೂನ್ ತಿಂಗಳ ಮಳೆಯಲ್ಲಿ ನನ್ನ ಕಾರಿನ ಬಾಗಿಲಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆಗಳು ಎದ್ದವು. ಜುಲೈಯಲ್ಲಿ ಗುಳ್ಳೆ ಒಡೆದು ಮೇಲಿನ ಪಾರದರ್ಶಕ ಪದರ ಈರುಳ್ಳಿಯ ಸಿಪ್ಪೆಯಂತೆ ಎದ್ದಿತು. ಆಗಲೂ ನನ್ನ ಉಗುರಿನ ತುದಿಯಲ್ಲಿ ಶಾಯಿಯ ಗೆರೆ ಉಳಿದಿತ್ತು. ಒಂದು ಹನಿ ಶಾಯಿಗಿರುವ ನಿಯತ್ತು ಹದಿನೆಂಟು ಸಾವಿರದ ನಾಲ್ಕುನೂರು ರೂಪಾಯಿನ ಕೆಲಸಕ್ಕೆ ಇರಲಿಲ್ಲ.

ಆಗಲೇ ನಾನು ಮತ್ತೆ ಕಾರ್ಯಾಗಾರಕ್ಕೆ ಹೋದದ್ದು, ಆಗಲೇ “ಬಣ್ಣ ತಾನೇ, ಸಾರ್!” ಎಂಬ ಆ ಮಂತ್ರೋಪದೇಶವಾದದ್ದು.

ಬಣ್ಣವೆಂದರೆ ಮೇಲಿನ ಸೊಗಸು, ಒಳಗಿನದು ಬೇರೆ, ಎಂಬ ಭಾವನೆ ನಮ್ಮ ಭಾಷೆಯಲ್ಲಿಯೇ ಕೂತಿದೆಯೆಂದು ಒಪ್ಪುತ್ತೇನೆ. ಬಣ್ಣದ ಮಾತು ಎನ್ನುತ್ತೇವೆ, ಬಣ್ಣ ಬಯಲಾಯಿತು ಎನ್ನುತ್ತೇವೆ, ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತೇವೆ. ಕನ್ನಡದ ಮೇಷ್ಟರಾಗಿ ಈ ನುಡಿಗಟ್ಟುಗಳ ಮೇಲೆ ನನಗೆ ಗೌರವವಿದೆ. ಆದರೆ ಕಾರಿನ ವಿಷಯದಲ್ಲಿ ಅವು ಸಲ್ಲವು. ಕಾರಿನ ಬಣ್ಣ ಅಲಂಕಾರವಲ್ಲ, ಚರ್ಮ. ಕಾರ್ಖಾನೆಯಲ್ಲಿ ಬರಿಯ ಉಕ್ಕಿನ ಮೈಯನ್ನು ಮೊದಲು ವಿದ್ಯುತ್ತಿನ ನೆರವಿನಿಂದ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಕವಚ. ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಇಷ್ಟೆಲ್ಲ ಸೇರಿ ದಪ್ಪ ನೂರರಿಂದ ನೂರೈವತ್ತು ಮೈಕ್ರಾನ್; ಒಂದೆರಡು ಕೂದಲೆಳೆಯಷ್ಟು. ಅಷ್ಟೇ ಅಡ್ಡಗೋಡೆ, ಉಕ್ಕಿಗೂ ಮಳೆಗಾಲಕ್ಕೂ ನಡುವೆ. ಅದು ಎಲ್ಲಿ ಬಿರಿಯಿತೋ ಅಲ್ಲಿ ತುಕ್ಕು ಒಳಹೊಕ್ಕಿತು. ತುಕ್ಕು ಹಿಡಿದ ಗಾಡಿ ಓಡುತ್ತದೆ, ನಿಜ. ಸಕ್ಕರೆ ಕಾಯಿಲೆಯವನೂ ಓಡುತ್ತಾನೆ.

ಕಾರ್ಯಾಗಾರದಲ್ಲಿ 140 ಡಿಗ್ರಿ ಶಾಖ ಕೊಡಲಾಗದು; ಕೊಟ್ಟರೆ ಒಳಗಿನ ಪ್ಲಾಸ್ಟಿಕ್ಕು, ತಂತಿ, ರಬ್ಬರು ಕರಗಿಹೋಗುತ್ತವೆ. ಆದ್ದರಿಂದ ಗಟ್ಟಿಗೊಳಿಸುವ ರಾಸಾಯನಿಕವನ್ನು ಬೆರೆಸಿದ ಬಣ್ಣವನ್ನು ಬಳಸಿ, ಮುಚ್ಚಿದ ಬೂತಿನಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಸರಿಯಾಗಿ ಮಾಡಿದರೆ ಇದು ವರ್ಷಗಟ್ಟಲೆ ನಿಲ್ಲುತ್ತದೆ. ಸರಿಯಾಗಿ ಮಾಡುವುದೆಂದರೆ ಏನೆಂಬುದನ್ನು ನನಗೆ ಕಲಿಸಿದವರು ಇಟ್ಟಿಗೆಗೂಡಿನ ಪಕ್ಕದ ಶೆಡ್ಡಿನಲ್ಲಿ ಸ್ವಂತವಾಗಿ ಟಿಂಕರಿಂಗ್ ಪೇಂಟಿಂಗ್ ಮಾಡುವ ಒಬ್ಬ ಹಿರಿಯರು. ನಲವತ್ತು ವರ್ಷದ ಕಸುಬು. ಅವರ ಬಳಿ ದಪ್ಪ ಅಳೆಯುವ ಒಂದು ಸಣ್ಣ ಯಂತ್ರವಿತ್ತು. ಮುಂದಿನ ಬಾಗಿಲಿಗೆ ಹಿಡಿದರು, 112 ಎಂದಿತು. ಹಿಂದಿನದಕ್ಕೆ ಹಿಡಿದರು, 640.

“ಇದು ಬಾಗಿಲಲ್ಲ ಮೇಷ್ಟ್ರೇ, ಪುಟ್ಟಿ. ನೆಗ್ಗು ಎತ್ತೇ ಇಲ್ಲ. ತುಂಬಿಬಿಟ್ಟವ್ರೆ.”

ನೆಗ್ಗನ್ನು ಒಳಗಿನಿಂದ ತಟ್ಟಿ ಎಳೆದು ಲೋಹವನ್ನೇ ಮೊದಲ ರೂಪಕ್ಕೆ ತರಬೇಕು. ಉಳಿದ ಕೂದಲೆಳೆಯಷ್ಟು ತಗ್ಗಿಗೆ ಮಾತ್ರ ಪುಟ್ಟಿ. ಆಮೇಲೆ ಉಪ್ಪುಕಾಗದ, ಒರಟಿನಿಂದ ನಯಕ್ಕೆ ಹೆಜ್ಜೆಹೆಜ್ಜೆಯಾಗಿ. ಪುಟ್ಟಿ ನೀರು ಕುಡಿಯುತ್ತದೆ. ನೀರು ಹಾಕಿ ಉಜ್ಜಿ, ಆರಲು ಬಿಡದೆ ಮೇಲೆ ಬಣ್ಣ ಹೊಡೆದರೆ ಆ ನೀರು ಒಳಗೇ ಸೆರೆಯಾಗಿ ಗುಳ್ಳೆಯಾಗುತ್ತದೆ. ನನ್ನ ಬಾಗಿಲಿನ ಗುಳ್ಳೆಯ ರಹಸ್ಯ ಇಷ್ಟೇ. ಇನ್ನು ಛಾಯೆಯ ವಿಷಯ. ಬೆಳ್ಳಿಯ ಬಣ್ಣದಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಹೊಪ್ಪಳೆಗಳಿರುತ್ತವೆ. ಗನ್ನನ್ನು ಎಷ್ಟು ದೂರದಿಂದ, ಎಷ್ಟು ಗಾಳಿಯಿಂದ ಹೊಡೆದರೋ ಅದರ ಮೇಲೆ ಅವು ಮಲಗುವ ಭಂಗಿ. ಆ ಭಂಗಿಯ ಮೇಲೆ ನಮ್ಮ ಕಣ್ಣಿಗೆ ಕಾಣುವ ಛಾಯೆ. ಡಬ್ಬಿಯ ಮೇಲಿನ ಸಂಖ್ಯೆ ಒಂದೇ ಇದ್ದರೂ ಸಾಲದು. ಅದಕ್ಕಾಗಿಯೇ ಮೊದಲು ಒಂದು ತಗಡಿನ ಮೇಲೆ ಹೊಡೆದು, ಒಣಗಿಸಿ, ಬಿಸಿಲಿನಲ್ಲಿ ಗಾಡಿಯ ಪಕ್ಕ ಹಿಡಿದು ನೋಡಬೇಕು. ಟ್ಯೂಬ್ ಲೈಟಿನಲ್ಲಿ ಒಂದೇ ಆಗಿ ಕಂಡದ್ದು ಬಿಸಿಲಿನಲ್ಲಿ ಎರಡಾಗುವುದುಂಟು. ಆಮೇಲೂ ಪಕ್ಕದ ಬಾಗಿಲಿನ ಮೇಲೆ ಬಣ್ಣವನ್ನು ತೆಳುವಾಗಿ ಹರಡಿ ಗಡಿ ಕಾಣದಂತೆ ಕರಗಿಸಬೇಕು. “ಕಣ್ಣಿಗೆ ಮೋಸ ಮಾಡೋದೇ ನಮ್ಮ ಕೆಲಸ. ಆದರೆ ಗಿರಾಕಿಗೆ ಮಾಡಬಾರದು” ಎಂದರು ಆ ಹಿರಿಯರು. ಎಷ್ಟೋ ಅಲಂಕಾರಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯವನ್ನು ನಾನು ಓದಿಲ್ಲ.

ಹೀಗೆಂದಾಗ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತಮ್ಮ ಅಸ್ತ್ರವನ್ನು ಹೊರತೆಗೆದರು. “ದುಡ್ಡು ವಿಮೆಯವರದು. ನಿಮ್ಮ ಗಂಟೇನ್ರೀ ಹೋಯಿತು?” ವಿಮೆಯ ಕರಾರನ್ನು ಓದದವರ ಮಾತಿದು. ಗಂಟು ನನ್ನದೇ. ಪ್ರತಿ ಪರಿಹಾರದಲ್ಲಿಯೂ ನನ್ನಂಥ ಸಣ್ಣ ಕಾರಿನವನು ಮೊದಲ ಸಾವಿರ ರೂಪಾಯನ್ನು ತಾನೇ ತೆರಬೇಕು. ಸಾಧಾರಣ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ಅರ್ಧ ಬೆಲೆ ಸವಕಳಿಯೆಂದು ಕಳೆಯುತ್ತದೆ. ಸಾಮಗ್ರಿ, ಕೂಲಿ ಬೇರೆಬೇರೆ ತೋರಿಸದ ಬಿಲ್ಲಾದರೆ ನಾಲ್ಕನೆಯ ಒಂದು ಪಾಲನ್ನು ಸಾಮಗ್ರಿಯೆಂದು ಹಿಡಿಯುತ್ತಾರೆ. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಸತತ ಮೂರು ವರ್ಷ ಯಾವ ಪರಿಹಾರವನ್ನೂ ಕೇಳದಿದ್ದುದಕ್ಕಾಗಿ ನನಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 35ರಂತೆ ರಿಯಾಯಿತಿ ಬರುತ್ತಿತ್ತು. ಈ ಒಂದು ಬಾಗಿಲಿನಿಂದ ಮರುವರ್ಷ ಅದು ಸೊನ್ನೆಯಾಯಿತು. ವಿಮೆಯವರ ದುಡ್ಡೆಂದು ಕಣ್ಣು ಮುಚ್ಚುವ ಗಿರಾಕಿ, ವಿಮೆಯವರ ದುಡ್ಡೆಂದು ಕೈಗೆ ಬಂದಂತೆ ಬಿಲ್ಲು ಬರೆಯುವ ಕಾರ್ಯಾಗಾರ, ಇಬ್ಬರೂ ಸೇರಿ ಎಲ್ಲರ ಕಂತನ್ನೂ ಏರಿಸುತ್ತಾರೆ. ಇದನ್ನು ಅರ್ಥಶಾಸ್ತ್ರದವರಿಗೆ ಕನ್ನಡದವನು ಹೇಳಬೇಕಾಯಿತು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಇನ್ನೊಂದಿದೆ. “ನೀವು ದೂರು ಕೊಟ್ಟರೆ ಪೆಟ್ಟು ಬೀಳುವುದು ಮಾಲೀಕನಿಗಲ್ಲ, ದಿನಗೂಲಿಯ ಹುಡುಗನಿಗೆ” ಎಂದು ಒಬ್ಬ ಸ್ನೇಹಿತರು ಹೇಳಿದರು. ಈ ಮಾತು ನನ್ನನ್ನು ಎರಡು ರಾತ್ರಿ ಕಾಡಿತು. ಮೂರನೆಯ ದಿನ ಕಾರ್ಯಾಗಾರದ ಹಿತ್ತಲಿಗೆ ಹೋಗಿ ನೋಡಿದೆನು. ಬೂತು ಖಾಲಿಯಾಗಿಯೇ ಇತ್ತು. ಅದನ್ನು ಕಾಯಿಸಲು ಡೀಸೆಲ್ ಖರ್ಚಾಗುತ್ತದೆಂದು ಸಣ್ಣ ಕೆಲಸಗಳನ್ನು ಹೊರಗಿನ ತಗಡಿನ ಚಾವಣಿಯ ಕೆಳಗೇ ಮುಗಿಸುತ್ತಿದ್ದರು. ಸೊಳ್ಳೆ ಬಂದದ್ದು ಅಲ್ಲಿಂದ. ಬಣ್ಣ ಹೊಡೆಯುತ್ತಿದ್ದ ಹುಡುಗನ ಮೂಗಿಗೆ ಒಂದು ಕರವಸ್ತ್ರ. ಬಣ್ಣಕ್ಕೆ ಬೆರೆಸುವ ಆ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ವಸ್ತುವಿರುತ್ತದೆ. ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಬರುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖವಾಡ ಬೇಕು. ಕರವಸ್ತ್ರ ಏನನ್ನೂ ತಡೆಯದು.

ಈಗ ಹೇಳಿ, ನನ್ನ ಬಾಗಿಲನ್ನು ಕೆಡಿಸಿದವರು ಯಾರು? ಆ ಹುಡುಗನೆ? ಬೂತಿನಲ್ಲಿ ಮಾಡಬೇಕಾದದ್ದನ್ನು ಬಯಲಿನಲ್ಲಿ ಮಾಡಿಸಿದವನು, ಎರಡು ದಿನ ಆರಬೇಕಾದ ಪುಟ್ಟಿಗೆ ಎರಡು ಗಂಟೆ ಕೊಟ್ಟವನು, ಆದರೂ ಬಿಲ್ಲಿನಲ್ಲಿ ‘ಬೂತ್ ಶುಲ್ಕ’ ಎಂದು ಬರೆದವನು ಬೇರೆ. ಕೆಟ್ಟ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡು ಬಂದರೆ ನಾವು ಬಡವನಿಗೆ ಉಪಕಾರ ಮಾಡಿದಂತಾಗದು. ನನ್ನ ಬಾಗಿಲಿಗೆ ಬಿದ್ದ ಗುಳ್ಳೆ ಯಾವ ಮಿತವ್ಯಯದಿಂದ ಬಂದಿತೋ ಆ ಹುಡುಗನ ಕೆಮ್ಮೂ ಅದರಿಂದಲೇ ಬಂದಿದೆ. ಬಾಗಿಲಿಗಾದರೆ ಇನ್ನೊಮ್ಮೆ ಹಚ್ಚಬಹುದು.

“ನಮ್ಮ ಜನದ ಕೈಯೇ ಇಷ್ಟು” ಎನ್ನುವವರಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿಯಲಿ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಶಾಖದಿಂದಲೇ ಅದನ್ನು ಕರಗಿಸಿ, ಗರಿಯಿಂದ ತೀಡಿ ಹೊಳಪು ಬರಿಸುವ ಕೈಗಳನ್ನು ನೋಡಲಿ. ನನ್ನ ಅಜ್ಜಿಯ ಕುಂಕುಮದ ಭರಣಿ ಇಂದಿಗೂ ಮಿನುಗುತ್ತದೆ. ಕೈ ಚೆನ್ನಾಗಿಯೇ ಇದೆ. ಕೈಗೆ ಹೊತ್ತು ಕೊಡುವವರಿಲ್ಲ.

ಇನ್ನು ಮಾಡಬೇಕಾದದ್ದೇನು? ಜಗಳವಾಡಿದರೆ ಏನೂ ಆಗದು. ಜಗಳವಾಡುವವರನ್ನು ಕೂರಿಸಿ ಕಾಫಿ ಕೊಟ್ಟು ಕಳುಹಿಸುವ ವಿದ್ಯೆ ಅವರಿಗೆ ಕರಗತ. ಬರೆಯಬೇಕು. ನಾನು ತಾರೀಖುಗಳು, ಬಿಸಿಲಿನಲ್ಲಿ ತೆಗೆದ ಚಿತ್ರಗಳು, ಮೈಕ್ರಾನಿನ ಅಳತೆ, ಬಿಲ್ಲಿನ ನಕಲು ಇವಿಷ್ಟನ್ನು ಸೇರಿಸಿ ಕನ್ನಡದಲ್ಲಿ ಒಂದು ಪತ್ರ ಬರೆದೆನು. “ಇಂಗ್ಲಿಷಿನಲ್ಲಿ ಮೇಲ್ ಮಾಡಿ ಸಾರ್, ಹೆಡ್ ಆಫೀಸಿನವರಿಗೆ ಅರ್ಥವಾಗೋಲ್ಲ” ಎಂದನು ವ್ಯವಸ್ಥಾಪಕ. ಇಂಗ್ಲಿಷಿನಲ್ಲಿಯೂ ಕಳುಹಿಸಿದೆನು, ಎರಡು ಭಾಷೆಯಲ್ಲಿಯೂ ಅರ್ಥವಾಗಲಿಲ್ಲ. ಮೂರನೆಯ ಪತ್ರದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಹೆಸರನ್ನು ಎತ್ತಿದೆನು. ಹಣ ತೆಗೆದುಕೊಂಡು ಮಾಡಿದ ಸೇವೆಯಲ್ಲಿ ಗುಣಮಟ್ಟದ ಕೊರತೆಯಿದ್ದರೆ ಅದು ಸೇವಾ ನ್ಯೂನತೆ. ನ್ಯೂನತೆಯ ಸೇವೆಯನ್ನು ಹಿಂತೆಗೆದುಕೊಂಡು ಹಣ ಕೊಡಲು ಒಪ್ಪದೆ ಇದ್ದರೆ, ಬಿಲ್ಲಿನಲ್ಲಿ ಅವಧಿ ಹೇಳದ ಪಕ್ಷದಲ್ಲಿ 30 ದಿನದೊಳಗೆ ಕೊಡದಿದ್ದರೆ, ಅದು ಅನುಚಿತ ವ್ಯಾಪಾರ ಪದ್ಧತಿ. ಕಾರಣ ಉಂಟಾದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು; ನಾವು ವಾಸವಾಗಿರುವ ಊರಿನಲ್ಲಿಯೇ ಹೂಡಬಹುದು; ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ವಕೀಲರು ಬೇಕೇಬೇಕೆಂದೂ ಇಲ್ಲ. 1915 ಎಂಬ ಸಂಖ್ಯೆಗೆ ಕರೆಮಾಡಿ ಮೊದಲು ಸಲಹೆ ಕೇಳಬಹುದು. ಇಷ್ಟು ಸುಲಭವಾದ ದಾರಿಯನ್ನು ಶಾಸನ ತೆರೆದಿಟ್ಟಿದ್ದರೂ ನಾವು, ಪತ್ರಿಕೆ ಓದುವ ಜನ, ಜಗಳಗಂಟರೆನ್ನಿಸಿಕೊಳ್ಳುವ ಭಯದಿಂದ ಅತ್ತ ಸುಳಿಯುವುದಿಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಮಾತನ್ನು ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ಕೂರುವಾಗ ಹೇಳಿದರೆ ಅದು ಸೌಜನ್ಯ. ಹಣ ಎಣಿಸಿಕೊಂಡವನು ಹೇಳಿದರೆ ಅದು ಅಲ್ಲ.

ತೃಪ್ತಿಪತ್ರಕ್ಕೆ ಸಹಿ ಹಾಕಿದ್ದೀರಲ್ಲ ಎಂದು ಅವರು ತಡೆಯೊಡ್ಡಿದ್ದು ನಿಜ. ಸಂಜೆ ಏಳು ಗಂಟೆಯ ಸಹಿ ಜೂನ್ ತಿಂಗಳ ಗುಳ್ಳೆಯನ್ನು ಒಪ್ಪಿಕೊಂಡಂತಾಗುವುದಿಲ್ಲವೆಂದು ಉತ್ತರ ಬರೆದೆನು. ಅದಾದ ಹನ್ನೊಂದನೆಯ ದಿನ ಗಾಡಿಯನ್ನು ತರಲು ಹೇಳಿದರು.

ಎರಡನೆಯ ಸಲ ನಾನು ಬೆಪ್ಪನಾಗಲಿಲ್ಲ. ಹಳೆಯ ಪುಟ್ಟಿಯನ್ನು ಲೋಹ ಕಾಣುವವರೆಗೆ ತೆಗೆಯುವುದು, ನೆಗ್ಗು ಎತ್ತುವುದು, ಬೂತಿನಲ್ಲಿ ಹೊಡೆಯುವುದು, ಮುಂದಿನ ಬಾಗಿಲಿಗೆ ಹರಡುವುದು ಎಂದು ಜಾಬ್ ಕಾರ್ಡಿನ ಮೇಲೆ ಬರೆಯಿಸಿದೆನು. ಪುಟ್ಟಿ ತೆಗೆದ ದಿನ ಹೋಗಿ ನೋಡಿದೆನು. ನೆಗ್ಗು ಆಟೋದವನು ಮಾಡಿಟ್ಟು ಹೋದಂತೆಯೇ ಇತ್ತು. ಗಾಡಿಯನ್ನು ಹಗಲು ಹನ್ನೊಂದು ಗಂಟೆಗೆ, ಒಣಗಿದ ಮೈಯಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿ ನೋಡಿ ತಂದೆನು. ಈಗ ಛಾಯೆ ಹೊಂದಿದೆ. ಆದರೆ ಹಿಡಿಕೆಯ ಕೆಳಗೆ ಮತ್ತೆ ಒಂದು ಹನಿ ಇಳಿದಿದೆ. ಕಿಟಕಿಯ ರಬ್ಬರಿನ ಮೇಲಿನ ಬೆಳ್ಳಿ ಪೂರ್ತಿ ಹೋಗಿಲ್ಲ.

ಎರಡು ದಿನವಾದ ಮೇಲೆ ಒಬ್ಬಳು ಹುಡುಗಿ ಫೋನು ಮಾಡಿದಳು. “ಸಾರ್, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಿ? ದಯವಿಟ್ಟು ಹತ್ತು ಕೊಡಿ ಸಾರ್, ಇಲ್ಲದಿದ್ದರೆ ನಮಗೆ ತೊಂದರೆ ಆಗುತ್ತೆ.” ಇಪ್ಪತ್ತು ವರ್ಷದಿಂದ ಇದೇ ಮಾತನ್ನು ಪರೀಕ್ಷೆಯ ಕಾಲದಲ್ಲಿ ಕೇಳುತ್ತ ಬಂದವನು ನಾನು. ಏಳು ಎಂದೆನು.

“ಮೂರು ಯಾಕೆ ಸಾರ್ ಕಳೆದಿರಿ?”

“ಹನಿಗೆ ಒಂದು, ರಬ್ಬರಿಗೆ ಒಂದು. ಇನ್ನೊಂದು, ಅಲ್ಲಿ ಬಣ್ಣ ಹೊಡೆಯುವ ಹುಡುಗನಿಗೆ ಇನ್ನೂ ಮುಖವಾಡ ಕೊಟ್ಟಿಲ್ಲ, ಅದಕ್ಕೆ. ಬರೆದುಕೊಳ್ಳಮ್ಮ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದಳು: “ಸಾರ್, ಅದನ್ನು ಬರೆಯೋದಕ್ಕೆ ಇಲ್ಲಿ ಜಾಗ ಇಲ್ಲ.”